ಗೋಡೆಯಾಚೆಯ ನಳ

ಕಂಪ್ಲಿಯ ತಂಗಿ ಮನೆಯಿಂದ ಬಂದಿಳಿದ ಸುಂಕಲಮ್ಮ ಬಾಗಿಲ ಬೀಗವನ್ನೂ ತೆಗೆಯದೆ ನೇರವಾಗಿ ನೀರಗಂಟಿ ಜಂಬಯ್ಯನ ಮುಂದೆ ಹೋಗಿ ನಿಂತಳು. ಅವನು ಚಪ್ಪರದಹಳ್ಳಿಯ ಆ ಓಣಿಗೆ ನೀರು ಬಿಡಲು ಬಗ್ಗಿ ವಾಲ್ವ್ ತಿರುಗಿಸುತ್ತಿದ್ದ.

"ಮೂರು ದಿನ ಮನಿಗೆ ಕೀಲಿ ಹಾಕಿದ್ದೆ. ಒಂಬೈನೂರು ಲೀಟರ್ ಬಳಸೀರಿ ಅಂತ ಬಂದೈತಿ ನೋಡು. ಯಾರು ಕುಡಿದ್ರು, ಗೋಡಿ ಮ್ಯಾಲಿನ ಹಲ್ಲಿನಾ?" ಎಂದು ಮೊಬೈಲನ್ನು ಅವನ ಮೂಗಿನ ಹತ್ತಿರ ಹಿಡಿದಳು.

ಹಳೆಯ ಮೀಟರಾಗಿದ್ದರೆ ಜಂಬಯ್ಯ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದ. ಆಗ ತಿಂಗಳಿಗೊಮ್ಮೆ ಒಬ್ಬಾತ ಕೈಯಲ್ಲಿ ಯಂತ್ರ ಹಿಡಿದು ಓಣಿಯುದ್ದ ನಡೆದರಷ್ಟೇ ರೀಡಿಂಗು ಸಿಗುತ್ತಿತ್ತು. ಹದಿನೈದು ದಿನದ ಹಿಂದೆ ಹಾಕಿದ ಹೊಸ ಮೀಟರುಗಳಿಗೆ ಯಾರೂ ನಡೆಯಬೇಕಿರಲಿಲ್ಲ. ಅವು ಕೂತಲ್ಲಿಂದಲೇ ಹತ್ತು ನಿಮಿಷಕ್ಕೊಮ್ಮೆ ಕಚೇರಿಗೂ ಮನೆಯವರ ಮೊಬೈಲಿಗೂ ವರದಿ ಒಪ್ಪಿಸುತ್ತಿದ್ದವು. ಅವುಗಳನ್ನು ಕೂರಿಸಿದ ದಿನ ಮನೆ ನಂಬರುಗಳನ್ನು ಕೂಗಿ ಹೇಳಿದವನು ಇದೇ ಜಂಬಯ್ಯ. ಸುಂಕಲಮ್ಮನ ಮನೆ ಮುಂದೆ ನಿಂತಾಗಲೇ ಎಲ್ಲರಿಗೂ ಚಹಾ ಬಂದಿತ್ತು. ಗ್ಲಾಸು ಬಾಯಿಗಿಟ್ಟುಕೊಂಡೇ ಆ ಮನೆಯದೂ ಪಕ್ಕದ ಮನೆಯದೂ ಎರಡು ನಂಬರು ಕೂಗಿದ್ದು ಅವನಿಗೆ ಈಗ ನೆನಪಾಯಿತು.

ಪಕ್ಕದ ಮನೆಯವಳು ಸೀರೆಗೆ ಫಾಲ್ ಹಚ್ಚಿಕೊಡುವ ಮರುಳಸಿದ್ದಮ್ಮ. ಅವಳು ಎರವಲು ಒಯ್ದ ಕುಕ್ಕರು ವಿಷಲ್ ಇಲ್ಲದೆ ವಾಪಸು ಬಂದಂದಿನಿಂದ ಇಬ್ಬರಿಗೂ ಮಾತಿಲ್ಲ. ಅದಾಗಿ ಒಂಬತ್ತು ವರ್ಷವಾಗಿತ್ತು.

"ಯಕ್ಕ, ನೀ ಒಳಗ ಹೋಗಿ ನಳ ಬಿಟ್ಟು ಸುಮ್ನ ಕುಂದ್ರು" ಎಂದು ಸುಂಕಲಮ್ಮನನ್ನು ಕಳಿಸಿ, ಜಂಬಯ್ಯ ಮರುಳಸಿದ್ದಮ್ಮನ ಹೊಲಿಗೆ ಯಂತ್ರದ ಪಕ್ಕ ಹೋಗಿ ನಿಂತ. ಅವಳಿನ್ನೂ ನಳ ಬಿಟ್ಟಿರಲಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಅವಳ ಮೊಬೈಲು ಟಿಂಗ್ ಎಂದಿತು.

"ಎಂಬತ್ತು ಲೀಟರ್ ಅಂತ. ನಾ ಕುಂತಲ್ಲಿಂದ ಎದ್ದೇ ಇಲ್ಲಲ್ಲೋ ಜಂಬಣ್ಣ."

ಜಂಬಯ್ಯ ಅವಳ ಮೊಬೈಲನ್ನು ಇಣುಕಿ ನೋಡಿದ. "ಯಕ್ಕ, ಸಿಟ್ಟಾಗಬ್ಯಾಡ. ನಂಬರು ಅದಲಬದಲಾಗಿ ಸುಂಕಲಮ್ಮನ ನೀರು ನಿನ್ನ ಹೆಸರಿಗೆ, ನಿನ್ನ ನೀರು ಆಕಿ ಹೆಸರಿಗೆ ಹೊಂಟೈತಿ."

ಮರುಳಸಿದ್ದಮ್ಮ ಸೂಜಿಯನ್ನು ಸೀರೆಗೆ ಚುಚ್ಚಿಟ್ಟು ಎದ್ದಳು. ಹಿತ್ತಲಿಗೆ ಹೋಗಿ, ತುದಿಗಾಲ ಮೇಲೆ ನಿಂತು, ಗೋಡೆಯ ಆಚೆಗೆ ಕೂಗಿದಳು. "ಏ ಸುಂಕ್ಲಿ, ನಳ ಬಂದ್ ಮಾಡು."

ಆ ಕಡೆ ನೀರು ಬೀಳುವ ಸಪ್ಪಳ ನಿಂತಿತು.

ಅಂದೇ ಮಧ್ಯಾಹ್ನ ಜಂಬಯ್ಯ ಕಚೇರಿಗೆ ಹೋಗಿ ಎಂಜಿನಿಯರ್ ಅಕ್ಷೋಭ್ಯರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಗುತ್ತಿಗೆ ಕೆಲಸ, ಇಂದೇ ಕೊನೆಯ ದಿನವೇನೋ ಎಂದುಕೊಂಡೇ ಹೇಳಿದ. ಅಕ್ಷೋಭ್ಯ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಇದನ್ನ ತಿದ್ದೋದು ಮೀಟರ್ ಕಂಪನಿಯವರ ಕೈಲಿದೆ. ಒಂದು ತಿಂಗಳಾಗ್ತದೆ. ತಪ್ಪು ಹೆಂಗಾಯ್ತು ಅಂತ ಬರೀಲಿ?"

"ಚಾ ಕುಡಿಯಾಕ ಹೋಗಿ ಆತ್ರಿ ಸರ."

"ಚಹಾ ಅಂತ ಬರಿಯೋಕೆ ಇಲ್ಲಿ ಜಾಗ ಇಲ್ಲ. ತಾಂತ್ರಿಕ ದೋಷ ಅಂತ ಹಾಕ್ತೀನಿ, ಹೋಗ್ರಿ."

ವಿಷಯ ಸುಂಕಲಮ್ಮನಿಗೂ ತಿಳಿದು, ಆ ತಿಂಗಳು ಇಬ್ಬರು ಹೆಂಗಸರೂ ತಮ್ಮ ನಳದ ಕಡೆ ನೋಡಲೇ ಇಲ್ಲ. ಒಬ್ಬೊಬ್ಬಳ ಕಿವಿಯೂ ಇನ್ನೊಬ್ಬಳ ನಳಕ್ಕೆ ಅಂಟಿಕೊಂಡಿತ್ತು. ನೀರು ಬಿಡುವ ದಿನ ಜಂಬಯ್ಯ ಓಣಿಗೆ ಬಂದರೆ ಗೋಡೆಯ ಎರಡೂ ಕಡೆಯಿಂದ ಬೈಗುಳ ಕೇಳುತ್ತಿತ್ತು.

"ಒಂದು ಚಾದರ ಒಗಿಯಾಕ ಏಳು ಕೊಡ ನೀರೇನ?" ಎಂದಳು ಒಮ್ಮೆ ಮರುಳಸಿದ್ದಮ್ಮ.

"ನಿನ್ನ ಮೊಮ್ಮಗಳು ತಾಸುಗಟ್ಟಲೆ ಜಳಕ ಮಾಡ್ತಾಳಲ್ಲ, ಅದನ್ನ ಕೇಳು ಮೊದಲ."

"ಆಕಿಗೆ ಸಂಡೂರಿನ ಗಂಡು ಬಂದೈತಿ, ನಾಳೆ ನೋಡಾಕ ಬರ್ತಾರ. ಮೈ ತೊಳ್ಕೋಬ್ಯಾಡೇನು?"

"ಹೌದಾ? ಗಂಡು ಏನ್ ಕೆಲಸ ಮಾಡ್ತಾನ?"

ಬೈಯುವುದು ದಿನದಿನಕ್ಕೆ ಉದ್ದವಾಗುತ್ತ ಹೋಯಿತು. ಮೊದಲು ಎರಡು ಮಾತಿಗೆ ಮುಗಿಯುತ್ತಿದ್ದದ್ದು ಕಡೆಕಡೆಗೆ ಮಂಡಿನೋವು, ಎಣ್ಣೆಯ ರೇಟು, ಸಂಡೂರಿನ ಗಣಿ ಲಾರಿಗಳ ಧೂಳು ಎಲ್ಲವನ್ನೂ ಸುತ್ತಿಕೊಂಡು ಬಂದು "ಆತು, ನಳ ನೋಡ್ಕೋ" ಎಂಬಲ್ಲಿ ನಿಲ್ಲುತ್ತಿತ್ತು. ತನ್ನ ತಪ್ಪಿಗೆ ತಾನೇ ನಾಚುತ್ತಿದ್ದ ಜಂಬಯ್ಯ ಬರಬರುತ್ತ ವಾಲ್ವ್ ತಿರುಗಿಸಿದ ಮೇಲೂ ಐದು ನಿಮಿಷ ಅಲ್ಲೇ ನಿಂತು ಕೇಳುವಂತಾದ.

ತಿಂಗಳು ಕಳೆಯುವ ಮೊದಲೇ ಕಂಪನಿಯವರು ಹೆಸರುಗಳನ್ನು ಸರಿಮಾಡಿದರು. ಇಬ್ಬರ ಮೊಬೈಲಿಗೂ ಸಂದೇಶ ಬಂತು. ಮುಂದಿನ ಸಲ ನೀರು ಬಿಟ್ಟಾಗ ಓಣಿಯಲ್ಲಿ ಕೊಡ ತುಂಬುವ ಸದ್ದು ಬಿಟ್ಟರೆ ಬೇರೇನಿಲ್ಲ. ಅದರ ಮುಂದಿನ ಸಲವೂ ಅಷ್ಟೇ. ಎಲ್ಲ ಸರಿಹೋಗಿದೆಯೆಂದು ಸಮಾಧಾನಪಡಬೇಕಾದ ಜಂಬಯ್ಯನಿಗೆ ಅವತ್ತು ಯಾಕೋ ಊಟ ರುಚಿಸಲಿಲ್ಲ.

ಮೂರನೆಯ ಸಲ ಅವನು ಮರುಳಸಿದ್ದಮ್ಮನ ಹಿತ್ತಲಲ್ಲಿ ಸೋರುವ ಪೈಪು ಬಿಗಿಯುತ್ತಿದ್ದ. ಅವಳು ಸೀರೆ ಬದಿಗಿಟ್ಟು ಬಂದು ಗೋಡೆಯ ಹತ್ತಿರ ನಿಂತು ದನಿ ಎತ್ತಿದಳು.

"ಏ ಸುಂಕ್ಲಿ, ನಿನ್ನ ಡ್ರಮ್ಮು ತುಂಬಿ ಚೆಲ್ಲಾಕತ್ತೈತಿ ನೋಡು."

ಜಂಬಯ್ಯ ಎದ್ದು ಗೋಡೆಯಾಚೆ ಇಣುಕಿದ. ಡ್ರಮ್ಮು ಇನ್ನೂ ಅರ್ಧವೂ ತುಂಬಿರಲಿಲ್ಲ.

"ಯಕ್ಕ, ಈಗ ಆಕಿ ನೀರು ನಿನ್ನ ಹೆಸರಿಗೆ ಬರಂಗಿಲ್ಲ" ಎಂದ.

ಒಳಗಿನಿಂದ ಸುಂಕಲಮ್ಮ ಚಪ್ಪಲಿ ಎಳೆದುಕೊಂಡು ಬರುವ ಸಪ್ಪಳ ಕೇಳುತ್ತಿತ್ತು. ಮರುಳಸಿದ್ದಮ್ಮ ದನಿ ತಗ್ಗಿಸಿದಳು.

"ಗೊತ್ತೈತಿ, ಸುಮ್ನಿರು. ಬ್ಯಾರೆ ಏನಂತ ಕರೀಲಿ ಆಕಿನ್ನ?"