ಅಮ್ಮನ ಅದ್ದುವ ಲೋಟ

"ಮಾತ್ರೆ ನಂಗೆ ಇನ್ಮೇಲೆ ನಾಟಲ್ಲ, ಅಲ್ವಾ ಮಗಾ?" ಎಂದು ಅಂಜಿನಮ್ಮ ಪಕ್ಕದಲ್ಲಿ ನಿಂತಿದ್ದ ಮಗಳನ್ನು ಕೇಳಿದಾಗ ಅವಳ ಕೈಯ ಲೋಟದಲ್ಲಿ ಎಳೆ ದ್ರಾಕ್ಷಿ ಗೊಂಚಲೊಂದು ಅರ್ಧ ಮುಳುಗಿತ್ತು. ಕಾಯಿ ದಪ್ಪವಾಗಲೆಂದು ಕುಂದಾಣ ಊರಿನ ಆ ದ್ರಾಕ್ಷಿ ತೋಟದಲ್ಲಿ ಗೊಂಚಲುಗಳನ್ನು ಒಂದೊಂದಾಗಿ ಔಷಧಿಗೆ ಅದ್ದುವುದು ಅವಳೊಬ್ಬಳದೇ ಕೆಲಸ. ಲೋಟವನ್ನು ಮಗಳಿಗೂ ಮುಟ್ಟಗೊಟ್ಟವಳಲ್ಲ.

ಮಗಳು ರಮ್ಯ ಬೆಂಗಳೂರಿನ ಪ್ರಯೋಗಾಲಯದಲ್ಲಿ ಜೀವಕೋಶದ ಕಿಣ್ವಗಳ ಮೇಲೆ ಸಂಶೋಧನೆ ಮಾಡುವವಳು. ಅಮ್ಮನ ಶ್ವಾಸಕೋಶದಲ್ಲಿ ಗಡ್ಡೆ ಕಂಡಾಗ ಅವಳೇ ಬಿಡಿಸಿ ಹೇಳಿದ್ದಳು. 'ಬೆಳೆ, ದೊಡ್ಡದಾಗು' ಎಂಬ ಸುದ್ದಿ ಹೊರಗಿನಿಂದ ಜೀವಕೋಶದ ಬಾಗಿಲಿಗೆ ಬರುತ್ತದೆ. ಒಳಗಿರುವ ಕಿಣ್ವಗಳು ಅದನ್ನು ಕೈಯಿಂದ ಕೈಗೆ ದಾಟಿಸಿ, ಮಲಗಿದ್ದ ಜೀನ್‌ಗಳನ್ನು ಎಬ್ಬಿಸುತ್ತವೆ. ಗಡ್ಡೆಯಲ್ಲಿ ಆ ಸುದ್ದಿ ನಿಲ್ಲುವುದೇ ಇಲ್ಲ. ಮಾತ್ರೆ ನಡುವಿನ ಒಂದು ಕೈಯನ್ನು ಕಟ್ಟಿಹಾಕುತ್ತದೆ. ಅಮ್ಮ ಆ ಮಾತನ್ನು ನಂಬಿ ದಿನವೂ ನುಂಗಿದ್ದಳು. ನಿನ್ನೆಯ ಸ್ಕ್ಯಾನ್‌ನಲ್ಲಿ ಗಡ್ಡೆ ಮತ್ತೆ ಬೆಳೆದಿತ್ತು.

"ಸುದ್ದಿ ಬೇರೆ ದಾರಿ ಹಿಡ್ದ್‌ಬಿಟ್ಟಿದೆ ಅಮ್ಮಾ."

"ಆ ದಾರಿ ಕಟ್ಟೋಕೆ ಮಾತ್ರೆ ಇಲ್ವಾ?"

"ಇನ್ನೂ ಹುಡುಕ್ತಾ ಇದೀವಿ."

ಅಂಜಿನಮ್ಮ ಗೊಂಚಲನ್ನು ಮೇಲೆತ್ತಿ ಮೆಲ್ಲಗೆ ಅಲ್ಲಾಡಿಸಿ ಬಿಟ್ಟಳು. ಆಮೇಲೆ ಲೋಟವನ್ನು ಮಗಳ ಕೈಗಿಟ್ಟಳು.

"ಹಿಡ್ಕೋ. ಅದ್ದಿದ್ಮೇಲೆ ಹಿಂಗೆ ಅಲ್ಲಾಡಿಸ್ಬೇಕು. ತುದೀಲಿ ಹನಿ ನಿಂತ್ರೆ ಕಾಯಿ ಕೆಡ್ತದೆ."

ರಮ್ಯ ಮುಂದಿನ ಗೊಂಚಲನ್ನು ಹಿಡಿದು ಅದ್ದಿ ಎತ್ತಿದಳು. ಅಮ್ಮ ತೋರಿಸಿದಂತೆ ಮೆಲ್ಲಗೆ ಅಲ್ಲಾಡಿಸಿದಳು. ತುದಿಯಲ್ಲಿ ಹನಿ ನಿಂತಿಲ್ಲವೆಂದು ನೋಡಿಕೊಂಡು, ಇನ್ನೊಂದು ಗೊಂಚಲಿಗೆ ಲೋಟ ಹಿಡಿದಳು.