ಮೈನಸ್ಸಿನ ಪಾಲು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಹೊಳಲಿನ ಶಿವನಂಜಮ್ಮ. ಹೇಳಿದ್ದು 2023ರ ಮೇ ತಿಂಗಳಲ್ಲಿ, ಹನಕೆರೆಯ ಒಂದು ಬೀಗರೂಟ ಮುಗಿದು ಜನ ಶಾಮಿಯಾನದಡಿ ಎಲೆಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಾಗ. ಪದವಿಪೂರ್ವ ಕಾಲೇಜೊಂದರಲ್ಲಿ ಅಟೆಂಡರ್ ಆಗಿರುವ ಆಕೆ ಇದನ್ನು ಕಣ್ಣಾರೆ ಕಂಡವರು. ಮಳವಳ್ಳಿ ಕಡೆ ಹೇಳುವಾಗ ಅಣ್ಣತಮ್ಮಂದಿರ ಬದಲು ಷಡ್ಡಕರು ಬರುತ್ತಾರೆ. ನಾನು ಮೊದಲು ಕೇಳಿದ್ದನ್ನೇ ಅನುಸರಿಸಿದ್ದೇನೆ.

ಗಣಿತದ ಮೇಷ್ಟ್ರು ಸಿದ್ದೇಶ್ ಇನ್ವರ್ಸ್ ಮ್ಯಾಟ್ರಿಕ್ಸ್ ಗುರುತಿಸುವುದನ್ನು ಕಲಿಸುತ್ತಿದ್ದರು. ಒಂದು ಮಾಡಿದ್ದನ್ನು ಇನ್ನೊಂದು ಅಳಿಸಬೇಕು. ಎರಡನ್ನೂ ಗುಣಿಸಿದರೆ ಐಡೆಂಟಿಟಿ, ಅಂದರೆ ಯಾವುದನ್ನೂ ಬದಲಿಸದ ಮ್ಯಾಟ್ರಿಕ್ಸ್, ಬರಬೇಕು ಎಂದರು. ಯಾರ ತಲೆಗೂ ಹೋಗಲಿಲ್ಲ. ಆಗ ವಿದ್ಯಾರ್ಥಿನಿ ದೀಪಿಕ ಎದ್ದು, "ನಮ್ ದೊಡ್ಡಪ್ಪ, ನಮ್ಮಪ್ಪ ಇದ್ದಂಗೆ ಅಲ್ವಾ ಸಾರ್? ದೊಡ್ಡಪ್ಪ ಗದ್ದೆಗೆ ತೂಬು ತೆಗೀತಾರೆ, ನಮ್ಮಪ್ಪ ಓಗಿ ಮುಚ್ತಾರೆ. ಕಾಲುವೆ ಎಂಗಿತ್ತೋ ಅಂಗೇ ಇರ್ತದೆ" ಎಂದಳು. ಎಲ್ಲರಿಗೂ ಕೂಡಲೇ ಅರ್ಥವಾಯಿತು. ಸಂತೋಷಗೊಂಡ ಮೇಷ್ಟ್ರು ಹಲಗೆಯ ಮೇಲೆ ಒಂದು ಮ್ಯಾಟ್ರಿಕ್ಸ್ ಬರೆದು ಅದಕ್ಕೆ ದೊಡ್ಡಪ್ಪ ಮರಿಯಯ್ಯನ ಹೆಸರಿಟ್ಟರು. ಪಕ್ಕದಲ್ಲಿ ಅದರ ಇನ್ವರ್ಸ್ ಬರೆದು ಅಪ್ಪ ನಾಗಯ್ಯನ ಹೆಸರಿಟ್ಟರು. ನಾಗಯ್ಯನದರಲ್ಲಿ ಎರಡು ಮೈನಸ್ ಇದ್ದವು. ಮರಿಯಯ್ಯನದರಲ್ಲಿ ಒಂದೂ ಇರಲಿಲ್ಲ.

ಸುದ್ದಿ ಸಂಜೆಯೇ ಹಾಲಿನ ಡೇರಿಗೆ ತಲುಪಿತು. ಮಾರನೆಯ ದಿನ ನಾಗಯ್ಯ ತರಗತಿಯ ಬಾಗಿಲಲ್ಲಿ ನಿಂತಿದ್ದ.

"ಏನ್ ಮೇಷ್ಟ್ರೇ, ನಮ್ಮಪ್ಪ ಜಮೀನು ಅಂಚ್ದಾಗ ಕಲ್ಲು ಇರೋ ಕಡೆ ನಂಗೆ ಕೊಟ್ಟ. ಈಗ ನೀವು ಬೋರ್ಡಲ್ಲೂ ಎರಡು ಮೈನಸ್ಸು ನಂಗೇ ಕೊಟ್ರಾ? ದೀಪಿಕ, ಬ್ಯಾಗ್ ತಕ, ನಡಿ. ಇಂತಾ ಓದು ಸಾಕು."

ದೀಪಿಕ ಏಳಲಿಲ್ಲ. ಒಮ್ಮೆ ಬಿಡಿಸಿದ ಮೇಲೆ ಅಪ್ಪ ಮತ್ತೆ ಕಾಲೇಜಿಗೆ ಕಳಿಸುವವನಲ್ಲವೆಂಬುದು ಅವಳಿಗೆ ಗೊತ್ತಿತ್ತು. ಮೇಷ್ಟ್ರು ಗಾಬರಿಯಿಂದ ಹಲಗೆಯಲ್ಲಿ ಹೆಸರುಗಳನ್ನು ಅದಲುಬದಲು ಮಾಡಿದರು. ಅಷ್ಟರಲ್ಲಿ, ತಮ್ಮನು ಕಾಲೇಜಿನ ದಾರಿ ಹಿಡಿದನೆಂದು ಕೇಳಿ ಬೆನ್ನಿಗೇ ಬಂದಿದ್ದ ಮರಿಯಯ್ಯ ಒಳಗೆ ಕಾಲಿಟ್ಟ.

"ನಿನ್ನೆಗಂಟ ಚೆಂದಾಗಿದ್ದ ನನ್ ಪಾಲಿಗೆ ಇವತ್ತು ಯಾಕೆ ಮೈನಸ್ಸು ಬಂತು? ಇರಿಯ ನಾನು."

"ಇದರಲ್ಲಿ ಹಿರಿಯ ಕಿರಿಯ ಇಲ್ಲ ಯಜಮಾನ್ರೇ. ಯಾರು ಮುಂದೆ ನಿಂತರೂ ಉತ್ತರ ಅದೇ ಬರುತ್ತೆ" ಎಂದರು ಮೇಷ್ಟ್ರು.

"ಉತ್ರ ಬುಡಿ ಅತ್ಲಾಗೆ. ಮೈನಸ್ಸು ಯಾರ ಮನೇಲಿರ್ಬೇಕು, ಅದ ಯೋಳಿ" ಎಂದ ಮರಿಯಯ್ಯ.

ದೀಪಿಕ ಎದ್ದು ಹೋಗಿ ಹಲಗೆಯನ್ನು ಪೂರ್ತಿ ಒರೆಸಿದಳು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ದೊಡ್ಡಪ್ಪನ ಹೆಸರಿನಡಿ ಒಂದು, ಒಂದು. ಅದರ ಕೆಳಗೆ ಮೈನಸ್ ಒಂದು, ಸೊನ್ನೆ ನಿಂತವು. ಅಪ್ಪನ ಹೆಸರಿನಡಿ ಸೊನ್ನೆ, ಮೈನಸ್ ಒಂದು. ಅದರ ಕೆಳಗೆ ಒಂದು, ಒಂದು.

"ನೋಡ್ಕಳಿ" ಎಂದಳು. "ಇಬ್ರಿಗೂ ಒಂದೊಂದು ಮೈನಸ್ಸು, ಒಂದೊಂದು ಸೊನ್ನೆ. ಮಿಕ್ಕಿದ್ದೂ ಸಮಸಮ."

ಅಣ್ಣತಮ್ಮಂದಿರು ಹಲಗೆಯ ಹತ್ತಿರ ಸರಿದು, ಬದುವಿನ ಕಲ್ಲು ಜರುಗಿದೆಯೇ ಎಂದು ನೋಡುವವರಂತೆ ಬಗ್ಗಿ, ಒಂದೊಂದೇ ಅಂಕಿಯನ್ನು ಪರಿಶೀಲಿಸಿದರು. ಸಿದ್ದೇಶ್ ಮೇಷ್ಟ್ರು ಪಕ್ಕದಲ್ಲಿ ಸದ್ದಿಲ್ಲದೆ ಗುಣಿಸಿದರು. ಐಡೆಂಟಿಟಿಯೇ ಬಂತು.

"ಸರ್ಯಾಗೈತೆ" ಎಂದ ನಾಗಯ್ಯ. "ನಮ್ಮಪ್ಪ ಇದ್ದಾಗ್ಲೇ ಇವ್ಳು ಉಟ್ಟಿದ್ರೆ ಜಮೀನ್ನೂ ಇವ್ಳ ಕೈಲೇ ಭಾಗ ಮಾಡಿಸ್ಬೋದಿತ್ತು. ಕೂತ್ಕೊ ಕಣಮ್ಮ, ಓದ್ಕೊ."

ದೀಪಿಕ ತನ್ನ ಜಾಗದಲ್ಲಿ ಕುಳಿತಳು. ಮರಿಯಯ್ಯನೂ ತಲೆಯಾಡಿಸಿ ಹೊರಟ. ಬಾಗಿಲು ದಾಟುವ ಮುನ್ನ ತಿರುಗಿ, ಮೇಷ್ಟ್ರು ಬರೆದಿದ್ದ ಐಡೆಂಟಿಟಿಯ ಕಡೆ ಬೆರಳು ತೋರಿಸಿದ.

"ಅದಿರ್ಲಿ, ಗುಣ್ಸಿದ್ ಮ್ಯಾಕೆ ಬಂದೈತಲ್ಲ ಮೇಷ್ಟ್ರೇ, ಅದು ಯಾರ ಪಾಲಿಗೆ?"

ಆಗಲೇ ಜಗಲಿಗೆ ಇಳಿದಿದ್ದ ನಾಗಯ್ಯ ಮತ್ತೆ ಒಳಗೆ ಬಂದ.

ಶಿವನಂಜಮ್ಮ ಇಲ್ಲಿಗೆ ನಿಲ್ಲಿಸಿ ಬಾಯಿಗೆ ಎಲೆ ಹಾಕಿಕೊಂಡರು. ಆಮೇಲೇನಾಯಿತು ಎಂದು ಯಾರೋ ಕೇಳಿದರು.

"ಇನ್ನೇನಾದದು? ನಾನು ಓಗಿ ಬೆಲ್ ಒಡ್ದುಬುಟ್ಟೆ. ಟೈಮು ಇನ್ನೂ ಆಗಿರ್ನಿಲ್ಲ."

ಕೇಳುಗರು ನಗುತ್ತ ಎದ್ದು, ಪಂಚೆ ಕೊಡವಿಕೊಂಡು ತಂತಮ್ಮ ಮನೆಗಳತ್ತ ನಡೆದರು. ರೈಲ್ವೆ ಗೇಟಿನವರೆಗೂ, ಆ ಐಡೆಂಟಿಟಿ ಹಿರಿಯನಿಗೇ ಸೇರತಕ್ಕದ್ದೆಂದು ಕೆಲವರೂ, ಮೊದಲು ನಷ್ಟವಾದ ಕಿರಿಯನಿಗೆ ಸೇರತಕ್ಕದ್ದೆಂದು ಕೆಲವರೂ ವಾದಿಸುತ್ತಲೇ ಇದ್ದರು.