ಕೈಗೆ ಉಳಿದದ್ದು

ಹೊಸ ಪುಸ್ತಕ ಓದಿದರೆ ಹಳೆಯದು ತಲೆಯಿಂದ ಪೂರ್ತಿ ಅಳಿಸಿಹೋಗುವುದು ಎಲ್ಲರಿಗೂ ರೂಢಿಯಾಗಿತ್ತು. ಗದಗಿನ ಓಣಿಗಳಲ್ಲೂ ಜನ ಅಳೆದು ತೂಗಿಯೇ ಓದುತ್ತಿದ್ದರು. ಪ್ರಥಮ ಚಿಕಿತ್ಸೆಯ ಪುಸ್ತಕವನ್ನು ವರ್ಷಗಟ್ಟಲೆ ತಲೆಯಲ್ಲಿಟ್ಟುಕೊಂಡು ಓಣಿಯ ಹೆಂಗಸರಿಗೆ ಕಲಿಸುತ್ತಿದ್ದ ಸಾವಂತ್ರೆವ್ವ, ಆ ಬೆಳಿಗ್ಗೆ ಆಸೆ ತಡೆಯಲಾರದೆ ಜೇನು ಸಾಕಣೆಯ ಪುಸ್ತಕ ಓದಿ ಮುಗಿಸಿದ್ದಳು.

ಅಷ್ಟರಲ್ಲಿ ಪಕ್ಕದ ಮನೆಯ ಫಕೀರವ್ವ ಕೂಸನ್ನೆತ್ತಿಕೊಂಡು ಓಡಿಬಂದಳು. “ಅಕ್ಕಾ, ಶೇಂಗಾ ನುಂಗೇತಿ! ಉಸಿರ ಬರವಲ್ದು!”

ಕೂಸಿನ ತುಟಿ ನೀಲಿಗಟ್ಟುತ್ತಿತ್ತು. ಸಾವಂತ್ರೆವ್ವ ನೆನಪಿಗಾಗಿ ತಡಕಾಡಿದಳು. ತಲೆಯೊಳಗೆ ಬರೀ ಜೇನುಹುಳಗಳಿದ್ದವು.

“ನನಗೇನೂ ನೆನಪಿಲ್ಲವ್ವಾ, ಮುಂಜಾನೆನ ಬ್ಯಾರೆ ಓದೀನಿ,” ಎನ್ನುತ್ತಲೇ ಕೈ ಚಾಚಿದಳು. ಗೊಂಬೆಯ ಮೇಲೆ ಎಷ್ಟೋ ಸಲ ಮಾಡಿ ತೋರಿಸಿದ್ದ ಆ ಕೈಗಳು ಕೂಸನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಹೆಗಲುಗಳ ನಡುವೆ ಬಲವಾಗಿ ತಟ್ಟಿದವು. ಇನ್ನೊಮ್ಮೆ ತಟ್ಟಿದವು. ಮತ್ತೊಮ್ಮೆ ತಟ್ಟಿದಾಗ ಶೇಂಗಾಬೀಜ ನೆಲಕ್ಕೆ ಬಿತ್ತು, ಕೂಸು ಚೀರಿತು.

ಫಕೀರವ್ವ ಅಳುತ್ತ ಅವಳ ಕಾಲು ಮುಟ್ಟಲು ಬಾಗಿದಳು. ಸಾವಂತ್ರೆವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

“ಅದೆಲ್ಲಾ ಇರ್ಲಿ. ನಾ ಈಗ ಏನ್ ಮಾಡಿದೆ, ನೀ ನೋಡಿದಿಯಲ್ಲಾ? ದಿಂಬು ತಗೊ, ಮಾಡಿ ತೋರ್ಸು.”